ಬಂಕುವಿಗೆ ಕಂಡ ಅಜ್ಜ

ಅಕ್ಕನ ಮಗ: ಚಿಕ್ಕಮ್ಮ, ‘ಭೂತನಾಥ್’ ಮಕ್ಕಳ ಸಿನಿಮಾ. 2008ರ ಮೇ ತಿಂಗಳಲ್ಲಿ, ಬೇಸಿಗೆ ರಜೆಯಲ್ಲಿ ಬಂದದ್ದು. ಅಮಿತಾಭ್ ಬಚ್ಚನ್ ಭೂತವಾಗಿ ಹೆದರಿಸಲು ನೋಡುತ್ತಾರೆ, ಒಬ್ಬ ಪೋರ ಹೆದರುವುದಿಲ್ಲ, ನೋಡುವವರು ನಗುತ್ತಾರೆ. ಅದರಲ್ಲಿ ನೀವು ಅಷ್ಟೊಂದು ಏನು ಕಂಡಿರಿ?

ಚಿಕ್ಕಮ್ಮ: ಆ ಪೋರ ಯಾಕೆ ಹೆದರುವುದಿಲ್ಲ, ಅದನ್ನು ಮೊದಲು ಹೇಳು ನೋಡುವ.

ಅಕ್ಕನ ಮಗ: ಭೂತ ಅಂತ ಏನೂ ಇಲ್ಲ, ಇರುವುದು ಏಂಜಲ್‌ಗಳು ಮಾತ್ರ ಎಂದು ಅವನ ಅಮ್ಮ ಹೇಳಿರುತ್ತಾಳೆ. ಹಾಗಾಗಿ ಆ ಪೋರ, ಬಂಕು, ಎದುರಿಗೆ ನಿಂತ ಮುದುಕನನ್ನು ಏಂಜಲ್ ಎಂದೇ ತಿಳಿಯುತ್ತಾನೆ.

ಚಿಕ್ಕಮ್ಮ: ಕತೆಯ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಸತ್ತವರೆಂದರೆ ಭಯಪಡಬೇಕು ಎಂದು ಆ ಮಗುವಿಗೆ ಯಾರೂ ಕಲಿಸಿಲ್ಲ. ಅವನ ಕಣ್ಣಿಗೆ ಬಿದ್ದದ್ದು ದೊಡ್ಡ ಮನೆಯಲ್ಲಿ ಒಬ್ಬನೇ ಉಳಿದ ಒಬ್ಬ ಅಜ್ಜ. ಗೋವಾದ ನಾಥ್ ವಿಲ್ಲಾದಲ್ಲಿ ಕೈಲಾಶ್ ನಾಥ್ ಸತ್ತ ಮೇಲೂ ಇದ್ದಾನೆ, ಇರಲು ಬಂದವರನ್ನೆಲ್ಲ ಓಡಿಸುತ್ತಾನೆ. ಅವನ ಸಿಟ್ಟಿನ ಹಿಂದೆ ಏನು ಉಂಟು ಎಂದು ಕೇಳಿದವನು ಆ ಹುಡುಗ ಒಬ್ಬನೇ. ಹಾಗಾಗಿ ನಾನು ಇದನ್ನು ಸಂಸಾರದ ಕತೆ ಎಂದೇ ನೋಡುತ್ತೇನೆ.

ಅಕ್ಕನ ಮಗ: ಸಾವಿನ ಆಚೆಗಿನ ತಮಾಷೆಯ ಸಿನಿಮಾಗಳು ನಮ್ಮಲ್ಲಿ ಬೇಕಾದಷ್ಟಿವೆ. ತೆಲುಗಿನ ‘ಯಮಗೋಲ’ 1977ರಲ್ಲಿ ಬಂತು; ಅದೇ ಕತೆಯನ್ನು ಹಿಂದಿಯಲ್ಲಿ ಜಿತೇಂದ್ರ 1979ರಲ್ಲಿ ‘ಲೋಕ್ ಪರಲೋಕ್’ ಎಂದು ಮಾಡಿದರು. ಕನ್ನಡದಲ್ಲಿ ಅಂಬರೀಶ್ ಯಮನಾಗಿದ್ದ ‘ಕಠಾರಿವೀರ ಸುರಸುಂದರಾಂಗಿ’ 2012ರಲ್ಲಿ ಬಂತು. ‘ಭೂತನಾಥ್’ ಕೂಡ ಅದೇ ಸಾಲಿನದಲ್ಲವಾ?

ಚಿಕ್ಕಮ್ಮ: ಅಲ್ಲ ಮಾರಾಯ, ಆ ಸಾಲೇ ಬೇರೆ. ಯಮಲೋಕದ ಸಿನಿಮಾಗಳಲ್ಲಿ ಕಾಣುವುದು ಒಂದು ಕಚೇರಿ. ಚಿತ್ರಗುಪ್ತ ಗುಮಾಸ್ತ, ಯಮ ಮೇಲಧಿಕಾರಿ, ದೂತರು ಜವಾನರು. ಸತ್ತುಹೋದ ನಾಯಕ ಅಲ್ಲಿಗೆ ಹೋಗಿ ನಿಯಮ ಕೇಳುತ್ತಾನೆ, ವಾದ ಹೂಡುತ್ತಾನೆ, ದೂತರಿಗೆ ಮುಷ್ಕರ ಮಾಡಲು ಕಲಿಸುತ್ತಾನೆ. ತಾಲೂಕು ಕಚೇರಿಯಲ್ಲಿ ನಮಗೆ ಆಡಲಾಗದ ಮಾತನ್ನು ಅವನು ಯಮನ ಮುಂದೆ ಆಡುತ್ತಾನೆ. ಅದಕ್ಕೇ ಜನ ಚಪ್ಪಾಳೆ ಹೊಡೆಯುವುದು. ‘ಭೂತನಾಥ್’ನಲ್ಲಿ ಯಮ ಇಲ್ಲ, ಲೆಕ್ಕದ ಪುಸ್ತಕ ಇಲ್ಲ. ಸತ್ತವನು ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅವನ ತೀರ್ಪು ಹೇಳಬೇಕಾದವರು ಮನೆಯವರೇ.

ಅಕ್ಕನ ಮಗ: ಎರಡನ್ನೂ ಸೇರಿಸಿದ ಸಿನಿಮಾ ಒಂದಿದೆ. 2005ರಲ್ಲಿ ಮಹೇಶ್ ಮಾಂಜ್ರೇಕರ್ ನಿರ್ದೇಶಿಸಿದ ‘ವಾಹ್! ಲೈಫ್ ಹೋ ತೋ ಐಸಿ’. ಅದರಲ್ಲಿ ಸಂಜಯ್ ದತ್ ಯಮ. ಮನೆಗೆ ಆಧಾರವಾಗಿದ್ದ ಶಾಹಿದ್ ಕಪೂರ್ ಸತ್ತು, ತನ್ನವರನ್ನು ಕಾಪಾಡಲು ಮರಳಿ ಬರುತ್ತಾನೆ.

ಚಿಕ್ಕಮ್ಮ: ಹೌದು. ಆದರೆ ಅಲ್ಲಿ ಸತ್ತವನು ಎಳೆಯ, ಒಳ್ಳೆಯವನು, ಅವನ ಮೇಲೆ ಮನೆಯವರಿಗೆ ಪ್ರೀತಿ ಉಂಟು. ಅವನಿಗೆ ಬೇಕಾದದ್ದು ಸ್ವಲ್ಪ ಸಮಯ, ಅಷ್ಟೆ. ಕೈಲಾಶ್ ನಾಥ್‌ಗೆ ಸಮಯಕ್ಕೆ ಕೊರತೆ ಇಲ್ಲ. ಮಗ ಬಂದು ಒಂದು ಮಾತು ಆಡಬೇಕು, ಅದಕ್ಕಾಗಿ ಕಾದಿದ್ದಾನೆ.

ಅಕ್ಕನ ಮಗ: ಹಾಗಿದ್ದರೆ ಮೂಲಕ್ಕೆ ಹೋಗೋಣ. ಇದರ ಬೇರು ಆಸ್ಕರ್ ವೈಲ್ಡ್ 1887ರಲ್ಲಿ ಬರೆದ ಕ್ಯಾಂಟರ್‌ವಿಲ್ ಭೂತದ ಕತೆ ಎನ್ನುತ್ತಾರೆ. ಇಂಗ್ಲೆಂಡಿನ ಹಳೆಯ ಬಂಗಲೆಯೊಂದನ್ನು ಅಮೆರಿಕದ ಓಟಿಸ್ ಕುಟುಂಬ ಕೊಳ್ಳುತ್ತದೆ. ನೆಲದ ಮೇಲೆ ಭೂತ ಉಳಿಸಿದ ರಕ್ತದ ಕಲೆಯನ್ನು ಆ ಮನೆಯ ಹುಡುಗ ಅಂಗಡಿಯಿಂದ ತಂದ ಕಲೆನಾಶಕದಿಂದ ಒರೆಸುತ್ತಾನೆ. ಅವಳಿ ಹುಡುಗರು ಭೂತವನ್ನೇ ಗೋಳು ಹೊಯ್ದುಕೊಳ್ಳುತ್ತಾರೆ. ಗೋವಾದ ಮನೆ, ಹೆದರದ ಹುಡುಗ, ಸೋತು ಸುಣ್ಣವಾಗುವ ಭೂತ, ಎಲ್ಲ ಅಲ್ಲಿಂದಲೇ ಬಂದ ಹಾಗಿದೆ.

ಚಿಕ್ಕಮ್ಮ: ಬಂದದ್ದನ್ನು ಹೇಳಿದೆ. ಬದಲಾದದ್ದನ್ನೂ ಹೇಳು. ವೈಲ್ಡನ ಭೂತ ಯಾರು?

ಅಕ್ಕನ ಮಗ: ಸರ್ ಸೈಮನ್. ಹೆಂಡತಿಯನ್ನು ಕೊಂದವನು.

ಚಿಕ್ಕಮ್ಮ: ನೋಡು, ಅಲ್ಲಿ ಪಾಪ ಮಾಡಿದವನು ಸತ್ತವನೇ. ವರ್ಜೀನಿಯಾ ಎಂಬ ಹುಡುಗಿ ಅವನಿಗಾಗಿ ಕಣ್ಣೀರಿಟ್ಟು ಪ್ರಾರ್ಥಿಸಿದ ಮೇಲೆ ಅವನಿಗೆ ನೆಮ್ಮದಿ. ಗೋವಾಕ್ಕೆ ಬರುವಾಗ ಆ ಪಾಪ ಸತ್ತವನ ಹೆಗಲಿನಿಂದ ಇಳಿದು ಬದುಕಿರುವ ಮಗನ ಹೆಗಲಿಗೆ ಏರಿತು. ಓದಲು ಅಮೆರಿಕಕ್ಕೆ ಹೋದ ವಿಜಯ್ ಅಲ್ಲೇ ನೆಲೆಸಿದ. ತಾಯಿ ತೀರಿಕೊಂಡಳು. ಮತ್ತೆ ಹೊರಟು ನಿಂತ ಮಗನನ್ನು ತಡೆಯಲು ಹೋದ ಅಪ್ಪ ಮೆಟ್ಟಿಲಿಂದ ಬಿದ್ದು ಸತ್ತ. ದೇವರಿಗೆ, ಋಷಿಗಳಿಗೆ, ಪಿತೃಗಳಿಗೆ ಸಾಲ ಹೊತ್ತೇ ಮನುಷ್ಯ ಹುಟ್ಟುತ್ತಾನೆ ಎಂದು ನಂಬಿದ ನೆಲಕ್ಕೆ ಈ ಕತೆ ಬಂದಾಗ ಬೇರೆ ಹೇಗೆ ತಿರುಗೀತು? ಈ ಬದಲಾವಣೆ ಮಾಡದೆ ಹೋಗಿದ್ದರೆ ಅದು ನಮ್ಮ ಕತೆ ಆಗುತ್ತಲೇ ಇರಲಿಲ್ಲ.

ಅಕ್ಕನ ಮಗ: ನನ್ನ ತಕರಾರು ಇರುವುದೇ ಅಲ್ಲಿ, ಚಿಕ್ಕಮ್ಮ. ಪರದೇಶಕ್ಕೆ ಹೋದ ಮಗನನ್ನು ಕಟಕಟೆಯಲ್ಲಿ ನಿಲ್ಲಿಸುವುದು ತುಂಬ ಸುಲಭ. ‘ಭೂತನಾಥ್’ ತಯಾರಿಸಿದ ಬಿ.ಆರ್. ಫಿಲ್ಮ್ಸ್‌ನವರೇ 2003ರಲ್ಲಿ ‘ಬಾಗ್‌ಬಾನ್’ ಮಾಡಿದ್ದರು. ಅದರಲ್ಲಿಯೂ ಬಚ್ಚನ್ ಮಕ್ಕಳಿಂದ ನೊಂದ ತಂದೆ. ಅದನ್ನು ವಿಷ್ಣುವರ್ಧನ್ ಮತ್ತು ಜಯಪ್ರದಾ ಅವರನ್ನಿಟ್ಟುಕೊಂಡು 2007ರಲ್ಲಿ ‘ಈ ಬಂಧನ’ ಎಂದು ಕನ್ನಡಕ್ಕೆ ತಂದರು. ಹಿಂದಕ್ಕೆ ಹೋದರೆ 1958ರಲ್ಲೇ ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ಇತ್ತು; ವಯಸ್ಸಾದ ಗಂಡಹೆಂಡತಿಯನ್ನು ಮಕ್ಕಳು ಹಂಚಿಕೊಂಡು ಬೇರೆ ಮಾಡುವ ಕತೆ. ಅರವತ್ತಕ್ಕೂ ಹೆಚ್ಚು ವರ್ಷದಿಂದ ಸಿನಿಮಾ ಮಕ್ಕಳನ್ನು ಬೈಯುತ್ತಲೇ ಬಂದಿದೆ. ಕೆಲಸ ಇರುವಲ್ಲಿಗೆ ಹೋಗಬೇಕಾದವರ ಕಷ್ಟವನ್ನು ಯಾರು ಹೇಳುತ್ತಾರೆ?

ಚಿಕ್ಕಮ್ಮ: ನಿನ್ನ ತಕರಾರಿನಲ್ಲಿ ನ್ಯಾಯ ಉಂಟು. ‘ಬಾಗ್‌ಬಾನ್’ ನೋಡಿ ಎದ್ದ ತಂದೆತಾಯಿಗೆ ನಾವು ಸರಿ ಎಂಬ ಸಮಾಧಾನ ಸಿಗುತ್ತದೆ, ಮಕ್ಕಳಿಗೆ ಬೈಸಿಕೊಂಡ ಸಂಕಟ ಸಿಗುತ್ತದೆ. ಇಬ್ಬರೂ ಒಂದು ಹೊಸ ಮಾತು ಕಲಿತು ಮನೆಗೆ ಹೋಗುವುದಿಲ್ಲ. ಆದರೆ ನೀನು ಹೆಸರಿಸಿದ ಮೂರೂ ಸಿನಿಮಾಗಳಲ್ಲಿ ತಂದೆತಾಯಿ ಬದುಕಿದ್ದಾರೆ. ಮಾಸ್ಟರಿಗೆ ಹಳೆಯ ಶಿಷ್ಯ ನೆರವಾದ, ‘ಬಾಗ್‌ಬಾನ್’ನ ತಂದೆಗೆ ಸಾಕಿದ ಮಗ ಆಸರೆಯಾದ. ಬೇರೊಬ್ಬರು ಬಂದು ಕೈಹಿಡಿಯಲು ಅಲ್ಲಿ ಅವಕಾಶ ಇತ್ತು. ‘ಭೂತನಾಥ್’ ಶುರುವಾಗುವ ಹೊತ್ತಿಗೆ ಅದೆಲ್ಲ ಮುಗಿದಿದೆ, ಅಪ್ಪ ಸತ್ತಿದ್ದಾನೆ. ಸತ್ತವನಿಗೆ ಯಾವ ಶಿಷ್ಯನೂ ನೆರವಾಗಲಾರ. ಇಂಥ ಕಡೆ ಮಾತ್ರ ಒಂದು ಕತೆಗೆ ಭೂತದ ಅಗತ್ಯ ನಿಜವಾಗಿ ಬೀಳುತ್ತದೆ. ಕಿವಿ ಇಲ್ಲವಾದ ಮೇಲೂ ಕ್ಷಮೆ ಕೇಳಬೇಕು ಅನ್ನಿಸಿದವನು ಏನು ಮಾಡಬೇಕು? ಆ ಪ್ರಶ್ನೆಗೆ ಬೈಗುಳದಿಂದ ಉತ್ತರ ಸಿಗುವುದಿಲ್ಲ.

ಅಕ್ಕನ ಮಗ: ಇರಬಹುದು. ಇನ್ನೊಂದು ವಿಷಯ ನನಗೆ ಈಗ ಹೊಳೆಯುತ್ತಿದೆ. ಬಂಕುವಿನ ಅಪ್ಪನೂ ಮನೆಯಲ್ಲಿಲ್ಲ! ಶಾರುಖ್ ಖಾನ್ ಮಾಡಿದ ಆದಿತ್ಯ ಶರ್ಮ ಹಡಗಿನ ಕೆಲಸದವನು. ಜೂಹಿ ಚಾವ್ಲಾ ಮಾಡಿದ ಅಂಜಲಿ ಒಬ್ಬಳೇ ಮಗನನ್ನು ಕಟ್ಟಿಕೊಂಡು ಆ ಮನೆಯಲ್ಲಿರುತ್ತಾಳೆ. ಆದರೂ ಆದಿತ್ಯನನ್ನು ಸಿನಿಮಾ ತಪ್ಪಿತಸ್ಥ ಎನ್ನುವುದಿಲ್ಲ.

ಚಿಕ್ಕಮ್ಮ: ಈಗ ಸರಿಯಾದ ಜಾಗಕ್ಕೆ ಕೈ ಹಾಕಿದೆ. ದೂರ ಹೋದದ್ದೇ ತಪ್ಪು ಎಂದು ಸಿನಿಮಾ ಹೇಳುವುದಾದರೆ ಆದಿತ್ಯನನ್ನೂ ಹಿಡಿದು ನಿಲ್ಲಿಸಬೇಕಿತ್ತು. ಗೋವಾದಿಂದ ಮಂಗಳೂರು, ಕಾಸರಗೋಡಿನವರೆಗೂ ಹಡಗಿಗೆ, ಗಲ್ಫಿಗೆ ಹೋದ ಗಂಡಸರ ಮನೆಗಳು ಎಷ್ಟೊಂದು! ಆ ಮನೆಗಳಲ್ಲಿ ಅಪ್ಪ ಇಲ್ಲ ಎಂದು ಯಾರಿಗೂ ಅನ್ನಿಸುವುದಿಲ್ಲ. ಅವನ ಪತ್ರ ಬರುತ್ತಿತ್ತು, ಈಗ ಫೋನು ಬರುತ್ತದೆ. ಮಗಳ ಪರೀಕ್ಷೆ ಯಾವತ್ತು, ದನ ಕರು ಹಾಕಿತಾ, ಬಾವಿಯಲ್ಲಿ ನೀರೆಷ್ಟು ಉಂಟು ಎಂದು ಅಲ್ಲಿಂದಲೇ ಕೇಳುತ್ತಾನೆ. ಆದಿತ್ಯ ಹಡಗಿನಲ್ಲಿದ್ದರೂ ಆ ಸಂಸಾರದ ಒಳಗಿದ್ದಾನೆ. ವಿಜಯ್ ಬಂದು ಎದುರಿಗೆ ನಿಂತಾಗಲೂ ಹೊರಗಿದ್ದಾನೆ. ಸಿನಿಮಾ ಅಳೆಯುವುದು ಮೈಲಿಯನ್ನಲ್ಲ.

ಅಕ್ಕನ ಮಗ: ಹಾಗೆ ನೋಡಿದರೆ ಎರಡು ಖಾಲಿ ಜಾಗಗಳು ಒಂದನ್ನೊಂದು ತುಂಬುತ್ತವೆ. ಬಂಕುವಿಗೆ ಪಕ್ಕದಲ್ಲಿ ಅಪ್ಪ ಇಲ್ಲ, ಕೈಲಾಶ್ ನಾಥ್‌ಗೆ ಮಗ ಮೊಮ್ಮಕ್ಕಳು ಇಲ್ಲ.

ಚಿಕ್ಕಮ್ಮ: ಹೌದು, ಅಮನ್ ಸಿದ್ದಿಕಿ ಎಂಬ ಆ ಹುಡುಗ ಬಚ್ಚನ್ ಎದುರು ಸಲೀಸಾಗಿ ನಿಲ್ಲುವುದೂ ಅದಕ್ಕೇ. ದೊಡ್ಡ ನಟನ ಎದುರು ಸಣ್ಣ ನಟ ಎಂದು ಒಮ್ಮೆಯೂ ಕಾಣುವುದಿಲ್ಲ. ಮನೆಯಲ್ಲಿ ಅಜ್ಜನ ಹತ್ತಿರ ಸದರ ತೆಗೆದುಕೊಂಡ ಮೊಮ್ಮಗನ ಹಾಗೆ ಮಾತಾಡುತ್ತಾನೆ. ಮುದುಕರು ಮನೆಯಲ್ಲಿ ಯಾರ ಕಣ್ಣಿಗೆ ಬೀಳುತ್ತಾರೆ ಹೇಳು? ಮಗ ಸೊಸೆಗೆ ದುಡಿಮೆಯ ಚಿಂತೆ. ಮುದುಕರ ಮಾತಿಗೆ ಬಿಡುವಿರುವುದು ಮಕ್ಕಳಿಗೆ. ಭೂತ ಮಗುವಿಗೆ ಕಾಣುತ್ತದೆ, ದೊಡ್ಡವರಿಗೆ ಕಾಣುವುದಿಲ್ಲ ಎಂಬುದು ಸಿನಿಮಾದವರ ಉಪಾಯ ಇರಬಹುದು, ಆದರೆ ಅದು ಎಲ್ಲ ಮನೆಯಲ್ಲಿ ನಡೆಯುವುದೇ.

ಅಕ್ಕನ ಮಗ: ಕೊನೆಗೆ ಶ್ರಾದ್ಧಕ್ಕೆ ಬರುತ್ತಾರಲ್ಲ, ಅದನ್ನು ನನಗೆ ಪೂರ್ತಿ ಒಪ್ಪಲಾಗುವುದಿಲ್ಲ. ಮಗ ಬಂದು ಕರ್ಮ ಮಾಡಿದ, ಕ್ಷಮೆ ಕೇಳಿದ, ಅಪ್ಪ ಕ್ಷಮಿಸಿದ, ಮೋಕ್ಷ ಸಿಕ್ಕಿತು. ವರ್ಷಗಳ ನೋವಿಗೆ ಒಂದು ಬೆಳಗಿನ ಪೂಜೆ ಸಾಕಾ? ರಾಮ್ ರೆಡ್ಡಿಯವರ ‘ತಿಥಿ’ ನೆನಪು ಮಾಡಿಕೊಳ್ಳಿ. ಮಂಡ್ಯದ ಹಳ್ಳಿಯಲ್ಲಿ ಸೆಂಚುರಿಗೌಡನ ಹನ್ನೊಂದನೆಯ ದಿನಕ್ಕೆ ಊರಿಗೆ ಊರೇ ಊಟಕ್ಕೆ ಕೂರುತ್ತದೆ. ಹಿರಿಮಗ ಗಡ್ಡಪ್ಪನಿಗೆ ಅದರ ಗೊಡವೆಯೇ ಇಲ್ಲ. ಮೊಮ್ಮಗನಿಗೆ ಜಮೀನು ಮಾರುವ ಆತುರ. ಕರ್ಮ ನಡೆಯುತ್ತದೆ, ಮನಸ್ಸುಗಳು ಇದ್ದಲ್ಲೇ ಇರುತ್ತವೆ. ನನಗೆ ಆ ಚಿತ್ರವೇ ಹೆಚ್ಚು ನಿಜ.

ಚಿಕ್ಕಮ್ಮ: ಎರಡೂ ನಿಜವೇ. ಮನಸ್ಸಿಲ್ಲದೆ ಮಾಡಿದ ತಿಥಿ ಬರೀ ಊಟ, ನಾನೂ ಒಪ್ಪುತ್ತೇನೆ. ಆದರೆ ಪಿಂಡ ಇಟ್ಟು ಕಾಗೆಗೆ ಕಾಯುವ ಹೊತ್ತನ್ನು ನೀನು ನೋಡಿದ್ದೀಯಲ್ಲ? ಎಲೆಯ ಹತ್ತಿರ ಕಾಗೆ ಬಾರದಿದ್ದರೆ ಎಲ್ಲರ ಮುಖ ಇಳಿಯುತ್ತದೆ. ಏನೋ ಆಸೆ ಉಳಿದಿದೆ ಎನ್ನುತ್ತಾರೆ. ಆಗ ಒಬ್ಬೊಬ್ಬರೇ ಮುಂದೆ ಬಂದು ಗಟ್ಟಿಯಾಗಿ ಮಾತು ಕೊಡುತ್ತಾರೆ: ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ, ತಂಗಿಯ ಮದುವೆ ಮಾಡಿಸುತ್ತೇನೆ, ತಮ್ಮನೊಡನೆ ಜಗಳ ಆಡುವುದಿಲ್ಲ. ಇಡೀ ವರ್ಷ ಬಾಯಿಗೆ ಬಾರದ ಮಾತು ಊರವರ ಎದುರು ಬರುತ್ತದೆ. ಕಾಗೆ ಬಂದು ಮುಟ್ಟಿದರೆ ಒಪ್ಪಿಗೆ ಸಿಕ್ಕಿತು ಎಂದು ಉಸಿರು ಬಿಡುತ್ತಾರೆ. ನಮ್ಮ ನಿಜಜೀವನದಲ್ಲಿ ಸತ್ತವರ ಉತ್ತರ ಅಷ್ಟೆ, ಕಾಗೆಯ ಕೊಕ್ಕಿನಷ್ಟು. ಸಿನಿಮಾ ಆ ಜಾಗದಲ್ಲಿ ಅಪ್ಪನ ಮುಖವನ್ನೇ ತಂದು ನಿಲ್ಲಿಸಿತು. ಮಗ ಕೇಳುವುದನ್ನೂ ಅಪ್ಪ ಕರಗುವುದನ್ನೂ ನಾವು ಒಟ್ಟಿಗೆ ನೋಡುತ್ತೇವೆ. ಅಪ್ಪ ಅಮ್ಮನನ್ನು ಕಳೆದುಕೊಂಡ ಯಾರಿಗೂ ಸಿಗದ ದೃಶ್ಯ ಅದು. ಅದಕ್ಕೇ ಅಲ್ಲಿ ದೊಡ್ಡವರ ಕಣ್ಣು ಒದ್ದೆಯಾಗುತ್ತದೆ.

ಅಕ್ಕನ ಮಗ: ಆದರೂ ಮಗನೇ ಬರಬೇಕು, ಮಗನೇ ಮಾಡಬೇಕು ಎಂಬ ಹಠ? ಅಷ್ಟು ದಿನ ಜತೆಗಿದ್ದವನು ಬಂಕು, ಮೋಕ್ಷದ ಯೋಚನೆ ಮಾಡಿದವಳು ಅಂಜಲಿ.

ಚಿಕ್ಕಮ್ಮ: ಅಲ್ಲಿ ಸಿನಿಮಾ ಹಳೆಯ ದಾರಿ ಬಿಡಲಿಲ್ಲ. ಈಗ ಹೆಣ್ಣುಮಕ್ಕಳು ಚಿತೆಗೆ ಬೆಂಕಿ ಕೊಡುತ್ತಾರೆ, ತಿಥಿ ಮಾಡುತ್ತಾರೆ. ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಈ ಕತೆಯಲ್ಲಿ ವಿಜಯ್ ಬರಲೇಬೇಕಿತ್ತು. ಅವನು ಗಂಡು ಎಂಬ ಕಾರಣಕ್ಕಲ್ಲ, ಮುರಿದದ್ದು ಅವನ ಮತ್ತು ಅಪ್ಪನ ನಡುವೆ ಎಂಬ ಕಾರಣಕ್ಕೆ. ಕಠೋಪನಿಷತ್ತಿನ ನಚಿಕೇತನ ಕತೆ ಗೊತ್ತುಂಟಲ್ಲ?

ಅಕ್ಕನ ಮಗ: ಸಿಟ್ಟಿನಲ್ಲಿ ಅಪ್ಪ ನಿನ್ನನ್ನು ಮೃತ್ಯುವಿಗೆ ಕೊಟ್ಟೆ ಎನ್ನುತ್ತಾನೆ. ಹುಡುಗ ಹೋಗಿ ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕೂರುತ್ತಾನೆ. ಯಮ ಮೂರು ವರ ಕೊಡುತ್ತಾನೆ. ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಎಂದು ಹುಡುಗ ಕೇಳುತ್ತಾನೆ.

ಚಿಕ್ಕಮ್ಮ: ಅದು ಮೂರನೆಯ ವರ. ಎಲ್ಲರೂ ಅದನ್ನೇ ನೆನಪಿಡುತ್ತಾರೆ. ಮೊದಲನೆಯದು ಏನು ಗೊತ್ತಾ? ಅಪ್ಪನ ಸಿಟ್ಟು ಇಳಿಯಲಿ, ನಾನು ಮರಳಿ ಹೋದಾಗ ಅವನು ನನ್ನ ಗುರುತು ಹಿಡಿದು ಪ್ರೀತಿಯಿಂದ ಮಾತಾಡಿಸಲಿ ಎಂದು. ಸಾವಿನ ಗುಟ್ಟು ಕೇಳುವ ಮೊದಲು ಆ ಹುಡುಗ ಮನೆಯ ಜಗಳ ತೀರಿಸಿಕೊಂಡ. ಪರಲೋಕದ ಮಾತು ಎತ್ತಿದಾಗಲೆಲ್ಲ ನಮ್ಮ ಜನ ಮೊದಲು ಮನೆಯ ಕಡೆ ತಿರುಗುತ್ತಾರೆ. ತುಳುನಾಡಿನಲ್ಲಿ ಮದುವೆಯಾಗದೆ ಸತ್ತ ಮಕ್ಕಳು ಪ್ರಾಯಕ್ಕೆ ಬಂದರು ಎಂದು ಲೆಕ್ಕ ಹಾಕಿ, ಅಂಥದೇ ಇನ್ನೊಂದು ಮನೆಯ ಸಂಬಂಧ ಹುಡುಕಿ ಪ್ರೇತ ಮದುವೆ ಮಾಡುತ್ತಾರೆ. ಆಟಿ ತಿಂಗಳಲ್ಲಿ ಹೋದವರಿಗೆ ಎಲೆ ಹಾಕಿ ಬಡಿಸುತ್ತಾರೆ. ಘಟ್ಟದ ಮೇಲೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಾರೆ. ಸತ್ತವರಿಗೆ ವಯಸ್ಸಾಗುತ್ತದೆ, ಹಸಿವಾಗುತ್ತದೆ, ಮದುವೆಯ ಪ್ರಾಯ ಬರುತ್ತದೆ. ಹೀಗೆ ನಂಬಿದವರಿಗೆ ಬಂಕು ಮತ್ತು ಭೂತದ ಗೆಳೆತನ ವಿಚಿತ್ರ ಅನ್ನಿಸುವುದಿಲ್ಲ.

ಅಕ್ಕನ ಮಗ: ಸರಿ, ಮಗನ ತಪ್ಪಿನ ಬಗ್ಗೆ ಎಷ್ಟೋ ಮಾತಾಡಿದೆವು. ಅಪ್ಪನದು ಏನೂ ಇಲ್ಲವಾ? ಇಷ್ಟು ವರ್ಷ ಮನೆಯನ್ನು ಖಾಲಿ ಹಿಡಿದಿಟ್ಟುಕೊಂಡು, ಬಂದವರನ್ನೆಲ್ಲ ಹೆದರಿಸಿ ಓಡಿಸಿದನಲ್ಲ?

ಚಿಕ್ಕಮ್ಮ: ಉಂಟು, ಖಂಡಿತ ಉಂಟು. ಮಗ ಮನೆಯನ್ನು ಮಾರುವ ವಸ್ತು ಎಂದು ನೋಡಿದ, ಅಪ್ಪ ಮಗನಿಗಾಗಿ ಬೀಗ ಹಾಕಿ ಕಾಯುವ ವಸ್ತು ಎಂದು ನೋಡಿದ. ಇಬ್ಬರ ಲೆಕ್ಕದಲ್ಲಿಯೂ ಆ ಮನೆಯಲ್ಲಿ ಯಾರೂ ಬಾಳುವ ಹಾಗಿರಲಿಲ್ಲ. ಬಂಕು ಬಂದು ಓಡಾಡಿ, ಗಲಾಟೆ ಮಾಡಿದ ಮೇಲೆ ಮುದುಕನ ಹಿಡಿತ ಸಡಿಲವಾಯಿತು. ಆ ಬಿಡುಗಡೆ ಮಗನಿಂದ ಬಂದದ್ದಲ್ಲ, ಶ್ರಾದ್ಧಕ್ಕಿಂತ ಮೊದಲೇ ಶುರುವಾಗಿತ್ತು. ತನ್ನ ರಕ್ತಕ್ಕೆ ಸೇರದ ಮಗುವೊಂದು ಆ ಮನೆಯನ್ನು ತುಂಬಬಹುದು ಎಂದು ಅವನು ಒಪ್ಪಿಕೊಂಡನಲ್ಲ, ಆ ಕ್ಷಣದಿಂದ. ಮಗ ಕೊಡಬೇಕಾದದ್ದು ಪಶ್ಚಾತ್ತಾಪ, ಅಪ್ಪ ಕೊಡಬೇಕಾದದ್ದು ಮನೆಯ ಮೇಲಿನ ಹಟ. ಇಬ್ಬರೂ ಕೊಟ್ಟರು.

ಅಕ್ಕನ ಮಗ: ಹಾಗಾದರೆ ಕೊನೆಯಲ್ಲಿ ಅವನು ಮತ್ತೆ ಬರುವುದು? ಮೋಕ್ಷ ಪಡೆದವನು ಬಂಕುವಿಗಾಗಿ ಮರಳುತ್ತಾನೆ. 2014ರಲ್ಲಿ ನಿತೇಶ್ ತಿವಾರಿ ‘ಭೂತನಾಥ್ ರಿಟರ್ನ್ಸ್’ ಮಾಡಿದಾಗ ಭೂತಲೋಕದಲ್ಲಿ ಅವನಿಗೆ ನಗೆಪಾಟಲು: ಒಂದು ಮಗುವನ್ನೂ ಹೆದರಿಸಲಾಗದ ಭೂತ! ಮತ್ತೆ ಹುಟ್ಟಬೇಕಾದರೆ ಅಲ್ಲಿಯೂ ಸಾಲು. ಆಮೇಲೆ ಧಾರಾವಿಗೆ ಬಂದು ಚುನಾವಣೆಗೆ ನಿಲ್ಲುತ್ತಾನೆ. ಮೊದಲ ಸಿನಿಮಾ ಗಳಿಸಿದ್ದನ್ನೆಲ್ಲ ಅದು ಚೆಲ್ಲಿತು ಎಂದು ನನಗನ್ನಿಸುತ್ತದೆ.

ಚಿಕ್ಕಮ್ಮ: ಎರಡನೆಯದು ಮನೆ ಬಿಟ್ಟು ಮತ್ತೆ ಕಚೇರಿಯ ಕಡೆಗೆ ಹೋಯಿತು, ಹೌದು. ಅದಕ್ಕೆ ಬೇರೆಯೇ ಒಂದು ಶಕ್ತಿ ಉಂಟು, ಊರಿನ ರಾಜಕೀಯದ ಕತೆಯಾಗಿ. ಆದರೆ ಮೊದಲನೆಯದರ ಕೊನೆಯನ್ನು ನಾನು ಬಿಟ್ಟುಕೊಡುವುದಿಲ್ಲ. ಶಾಸ್ತ್ರಕ್ಕೆ ಮೋಕ್ಷ ದೊಡ್ಡದು. ಮಗುವಿಗೆ ಅಜ್ಜ ದೊಡ್ಡವನು. ಮೋಕ್ಷ ಸಿಕ್ಕಿತು ಎಂದು ಬಂಕುವಿಗೆ ಹೇಳಿದರೆ ಅವನಿಗೆ ತಿಳಿಯುವುದು ಅಜ್ಜ ಇಲ್ಲ ಎಂಬುದೊಂದೇ. ಮಕ್ಕಳಿಗಾಗಿ ಮಾಡಿದ ಸಿನಿಮಾ ಮಗುವಿನ ಪಕ್ಷ ವಹಿಸಿತು.

ಅಕ್ಕನ ಮಗ: ಅಲ್ಲಿ ನಾನು ನಿಮ್ಮ ಜತೆ ಇಲ್ಲ, ಚಿಕ್ಕಮ್ಮ. ಹೋದವರು ಮರಳಿ ಬರುವುದಿಲ್ಲ ಎಂಬುದನ್ನು ಮಗುವಿಗೆ ಹೇಳುವ ಅವಕಾಶ ಅಲ್ಲಿತ್ತು. ಕ್ಷಮೆಯ ದೃಶ್ಯಕ್ಕೆ ತೂಕ ಬಂದದ್ದೇ ಅಪ್ಪ ಇನ್ನು ಸಿಗುವುದಿಲ್ಲ ಎಂಬುದರಿಂದ. ಮತ್ತೆ ಬಂದರೆ ವಿಜಯ್ ಇನ್ನೊಂದು ದಿನ ಕೇಳಿದರೂ ನಡೆಯುತ್ತಿತ್ತಲ್ಲ?

ಚಿಕ್ಕಮ್ಮ: ಆ ಮಾತು ಬಲವಾದದ್ದು. ನಾನು ಅಜ್ಜಿಯಾಗಿ ನೋಡುತ್ತೇನೆ, ನೀನು ಮಗನಾಗಿ ನೋಡುತ್ತೀ. ಇಬ್ಬರಿಗೂ ಬೇರೆ ಬೇರೆ ಕೊನೆ ಬೇಕು, ಇರಲಿ. ನನಗೆ ಆ ಸಿನಿಮಾದಲ್ಲಿ ನಿಜವಾಗಿ ಕಾಡುವುದು ಬೇರೆ ಒಂದು ಸಂಗತಿ. ಆ ಮನೆಯನ್ನು ಏನು ಮಾಡುವುದು ಎಂದು ಅಪ್ಪ ಮಗ ಕೂತು ಮಾತಾಡಿದ್ದರೆ ಅಷ್ಟೆಲ್ಲ ಆಗುತ್ತಿತ್ತಾ? ಮಗ ತಾನಾಗಿ ಮಾರಲು ಹೊರಟ, ಅಪ್ಪ ತಾನಾಗಿ ಕಾಯಲು ನಿಂತ. ನಮ್ಮಲ್ಲಿ ಮುದುಕರ ಎದುರು ಸಾವಿನ ಮಾತು ಎತ್ತಿದರೆ ಅಪಶಕುನ ಎನ್ನುತ್ತಾರೆ. ಆಮೇಲೆ ಅದೇ ಮಾತನ್ನು ಕಾಗೆಯ ಎದುರು ಆಡುತ್ತಾರೆ.

ಅಕ್ಕನ ಮಗ: ಮಕ್ಕಳಾದ ನಮಗೂ ಹೇಗೆ ಕೇಳುವುದು ಎಂದು ತಿಳಿಯುವುದಿಲ್ಲ. ಆಸ್ತಿಗೆ ಕೇಳುತ್ತಿದ್ದಾನೆ ಅಂದುಕೊಂಡಾರು ಎಂಬ ಅಂಜಿಕೆ.

ಚಿಕ್ಕಮ್ಮ: ಅದಕ್ಕೇ ಇಂಥ ಸಿನಿಮಾಗಳು ಬೇಕು. ಸತ್ತ ಅಜ್ಜನ ಪೇಚಾಟಕ್ಕೆ ಮೂರು ತಲೆಮಾರು ಒಟ್ಟಿಗೆ ಕೂತು ನಕ್ಕ ಮೇಲೆ, ಆ ಮಾತು ಎತ್ತುವುದು ಅಷ್ಟು ಕಷ್ಟವಲ್ಲ. ಈಗ ನಾವು ಎತ್ತಿದೆವಲ್ಲ. ಹಾಗಾದರೆ ನನ್ನದನ್ನೂ ಹೇಳಿಬಿಡುತ್ತೇನೆ, ಕೇಳಿಕೊ, ನನ್ನ ಮಗನಿಗೂ ಹೇಳು. ನಾನು ಹೋದ ಮೇಲೆ ಈ ಮನೆಗೆ ಬೀಗ ಹಾಕಿ ನನ್ನ ನೆನಪಿಗೆಂದು ಇಟ್ಟುಕೊಳ್ಳುವುದು ಬೇಡ. ನಿಮಗೆ ಬಂದು ಇರಲು ಆಗದಿದ್ದರೆ ಮಾರಿ, ನನಗೆ ಒಂದಿಷ್ಟೂ ಬೇಸರ ಇಲ್ಲ. ಬೆಲೆ ಸ್ವಲ್ಪ ಕಡಿಮೆಯಾದರೂ ಚಿಂತೆ ಇಲ್ಲ, ಸಣ್ಣ ಮಕ್ಕಳಿರುವ ಸಂಸಾರಕ್ಕೆ ಕೊಡಿ.